ಗೀಸರ್ ‘ಕೆಟ್ಟೋಯ್ತು’ ಅಂದ್ರೆ ಏನು ಕೆಟ್ಟಿತು?

‘ಕೆಡು’ ಪದದ ಬಗ್ಗೆ ಒಂದು ಅನುಮಾನ. ಬಲ್ಲವರು ತಿಳಿಸಿ.

ನನ್ನ ಭಾಮೈದ ಮದ್ದೂರು ಕಡೆಯವನು. ಟೆಂಪೋ ಟ್ರಾವೆಲರ್ ಒಂದನ್ನು ಮನೆ ಥರ ಮಾಡಿಸಿಕೊಂಡಿದ್ದಾನೆ. ಒಳಗೆ ಮಂಚ, ಸ್ಟವ್. ಸ್ನಾನಕ್ಕೆ ಗ್ಯಾಸ್ ಗೀಸರ್. ಗೀಸರನ್ನು ಮಾತ್ರ ಗಾಡಿಯ ಹೊರಮೈಗೆ ಕೂರಿಸಿದ್ದಾನೆ, ಸದ್ಯ. ಒಳಗಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ವಾಸನೆಯೂ ಇರಲ್ಲ, ಗೊತ್ತೇ ಆಗಲ್ಲ.

ಮೊನ್ನೆ ಬೆಳಗ್ಗೆ ಮೇಲುಕೋಟೆಯಿಂದ ಫೋನ್. “ಭಾವ, ಗೀಸರ್ ಕೆಟ್ಟೋಯ್ತು.”

ನಾನು ಮೈಸೂರಲ್ಲಿ ಕೂತು ರಿಪೇರಿಯವರನ್ನು ಹುಡುಕಿದ್ದೇ ಹುಡುಕಿದ್ದು. ಅರ್ಧ ಗಂಟೆ ಆದಮೇಲೆ ಸರಿಯಾಗಿ ಕೇಳಬೇಕು ಅನ್ನಿಸಿತು.

“ನಲ್ಲಿ ಬಿಟ್ರೆ ಚಟಚಟ ಅಂತದಾ?”

“ಅಂತದೆ.”

“ಹತ್ಕತದಾ?”

“ಹತ್ಕತದೆ ಭಾವ, ತಿರ್ಗಾ ಕೆಟ್ಟೋಯ್ತದೆ.”

ಅವನು ಹೇಳಿದ್ದು ಉರಿ ಆರಿದ ಮಾತು, ನಾನು ಕೇಳಿಸಿಕೊಂಡಿದ್ದು ಯಂತ್ರ ಹಾಳಾದ ಮಾತು! ಆ ಗೀಸರಿಗೆ 1.5 ವೋಲ್ಟಿನ 2 ದಪ್ಪ ಸೆಲ್ಲು. ಕಿಡಿ ಹಾರಿಸುವುದೂ ಅವೇ, ಗ್ಯಾಸಿನ ವಾಲ್ವ್ ತೆರೆದಿಡುವುದೂ ಅವೇ. ಸೆಲ್ಲು ಸೊರಗಿದರೆ ಕಿಡಿಯೇನೋ ಬರುತ್ತೆ, ಉರಿ ನಿಲ್ಲಲ್ಲ. ಹೊಸ ಸೆಲ್ಲು ಹಾಕಿದ, ನೀರು ಕಾಯ್ತು.

ನಮ್ಮಜ್ಜಿಯೂ ಹೀಗೇ ಅನ್ನುತ್ತಿದ್ದರು. “ಹಂಡೆ ಒಲೆ ಕೆಟ್ಟೋಗದೆ, ಸೌದೆ ಒಟ್ಟು.” ಒಲೆ ಒಡೆದಿದೆ ಅಂತ ಯಾರೂ ತಿಳಿಯುತ್ತಿರಲಿಲ್ಲ. ಮಣ್ಣಿನ ಒಲೆಯಲ್ಲಿ ಕೆಡುವುದಕ್ಕೆ ಬೆಂಕಿ ಬಿಟ್ಟು ಬೇರೇನಿದೆ? ಗೀಸರಿನಲ್ಲಿ ಕೆಡುವಂಥವು ಜಾಸ್ತಿ. ಅದಕ್ಕೇ ಈ ಗೊಂದಲ. ‘ಕೆಟ್ಟು ಪಟ್ಟಣ ಸೇರು’ ಅನ್ನುವಾಗಿನ ಕೆಡುವುದಂತೂ ಇನ್ನೊಂದೇ.

‘ಆರಿತು’ ಅನ್ನೋಣ ಅಂದ್ರೆ ಬಟ್ಟೆಯೂ ಆರುತ್ತೆ, ಕಾಫಿಯೂ ಆರುತ್ತೆ. ಗೀಸರ್ ಆರಿತು ಅಂದ್ರೆ ತಣ್ಣಗಾಯ್ತು ಅಂತಲೂ ಆಗುತ್ತೆ, ಅಲ್ವಾ? ‘ನಂದಿತು’ ನನಗೆ ಹಿಡಿಸುತ್ತೆ. ನಂದಾದೀಪದ ‘ನಂದಾ’ ಕೂಡ ‘ನಂದದ’ ಅನ್ನುವುದೇ. ಆದರೆ ನಮ್ಮ ಬಾಯಲ್ಲಿ ಅದು ದೀಪಕ್ಕೇ ಅಂಟಿಕೊಂಡಿದೆ. ಭಾಮೈದನ ಹತ್ತಿರ ‘ಗೀಸರ್ ನಂದೋಯ್ತಾ’ ಅಂದೆ, ನಕ್ಕುಬಿಟ್ಟ.

ನಿಮ್ಮ ಕಡೆ ಉರಿ ಹೋದರೆ ಒಂದು ಮಾತು, ಯಂತ್ರ ಹಾಳಾದರೆ ಇನ್ನೊಂದು ಅಂತ ಇದೆಯಾ? ‘ಕೆಡು’ವಿಗೆ ಬೆಂಕಿಯ ಅರ್ಥ ಮೊದಲು ಬಂತೋ, ಹಾಳಾಗುವ ಅರ್ಥವೋ?