ಬೆಟ್ಟು, ಮಜಲು, ಬೈಲು: ಮೂರರ ಮಣ್ಣನ್ನು ಬೆರೆಸಿ ಪರೀಕ್ಷೆಗೆ ಕೊಡಬಹುದೇ?

ಹೊಸತೋಟ:
ದಕ್ಷಿಣ ಕನ್ನಡದ ಇಳಿಜಾರು ಜಾಗ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೆಟ್ಟು, ನಡುವೆ ಮಜಲು, ಕೆಳಗೆ ಹಳೇ ಬೈಲುಗದ್ದೆ. ಎಲ್ಲ ಕಡೆ ಅಡಿಕೆ, ಒಂದೇ ಅಳತೆಯ ಗೊಬ್ಬರ. ಬೆಟ್ಟಿನವು ಫೆಬ್ರವರಿಗೇ ಬಾಡುತ್ತವೆ, ಬೈಲಿನವು ಮಳೆಗಾಲದಲ್ಲಿ ಹಳದಿಯಾಗುತ್ತವೆ. ಕಣಿಯ (ಬಸಿಗಾಲುವೆಯ) ನೀರಿನ ಮೇಲೆ ಎಣ್ಣೆಯಂಥ ಪದರವೂ ಇದೆ. ಒಂದೇ ಮಾದರಿ ಸಾಕೇ?

ಮಣ್ಣಗುಂಡಿ:
ಬೆರೆಸಲೇಬೇಡಿ. ಬಂದ ಅಂಕಿ ಮೂರರಲ್ಲಿ ಯಾವುದಕ್ಕೂ ಸೇರದು. ಮಳೆ ಸಾವಿರಾರು ವರ್ಷ ಮೇಲಿನ ಸುಣ್ಣ, ಪೊಟ್ಯಾಷ್, ನುಣ್ಣನೆ ಜೇಡಿಯನ್ನು ಕೆಳಕ್ಕೆ ಒಯ್ದಿದೆ. ಬೆಟ್ಟಿನಲ್ಲಿ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಜಲ್ಲಿಮಣ್ಣು. ಅದು ಹಾಕಿದ ರಂಜಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಿಂದೆ ಬೈಲಿನಲ್ಲಿ ಏಣೆಲು (ಮಳೆಗಾಲ), ಸುಗ್ಗಿ (ಚಳಿಗಾಲ), ಕೊಳಕೆ (ಬೇಸಗೆ) ಎಂಬ ಮೂರೂ ಭತ್ತದ ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ ಆಗುತ್ತಿದ್ದದ್ದು ಈ ನೀರು-ಮಣ್ಣಿನ ಲೆಕ್ಕದಲ್ಲೇ.

ಪ್ರತಿ ಮಟ್ಟದಲ್ಲೂ ಒಂದು ಮೀಟರ್ ಆಳದ ಗುಂಡಿ ತೋಡಿ ನೋಡಿ. ಬೈಲಿನಲ್ಲಿ ಬೂದುಮಣ್ಣಿನ ನಡುವೆ, ಹಳೇ ಬೇರಿನ ದಾರಿ ಹಿಡಿದು, ತುಕ್ಕಿನ ಬಣ್ಣದ ಗೆರೆಗಳು ಕಾಣುತ್ತವೆ. ಅವು ಶುರುವಾಗುವ ಆಳದವರೆಗೆ ಮಳೆಗಾಲದಲ್ಲಿ ನೀರು ಏರುತ್ತದೆ ಎಂದರ್ಥ. ಮಾದರಿಯನ್ನು 0–30, 30–60 ಸೆಂ.ಮೀ. ಎಂದು ಬೇರೆ ಬೇರೆ ತೆಗೆಯಿರಿ. ಜೆಸಿಬಿಯಲ್ಲಿ ಇಳಿಜಾರನ್ನು ಮೆಟ್ಟಿಲಂತೆ ಕಡಿದು ತಟ್ಟು ಮಾಡಿದ್ದರೆ ಕಡಿದ ಬದಿ, ತುಂಬಿಸಿದ ಬದಿ ಎರಡನ್ನೂ ಪ್ರತ್ಯೇಕವಾಗಿ. ಅಲ್ಲಿ ಮೇಲ್ಮಣ್ಣು ಅಡಿಗೆ ಹೋಗಿರುತ್ತದೆ, ಹೊರಗಿನ ನೋಟ ನಂಬಬೇಡಿ.

ಕಣಿಬದಿ:
ಆ ಪದರವನ್ನು ಕೋಲಿನಿಂದ ಕದಡಿ. ಗಾಜಿನ ಚೂರಿನಂತೆ ಒಡೆದು ಹಾಗೇ ನಿಂತರೆ ಕಬ್ಬಿಣ. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಗಾಳಿಯಾಡದ ಮಣ್ಣಿನಲ್ಲಿ ಕರಗಿದ ಕಬ್ಬಿಣ ಹೊರಬಂದು ಗಾಳಿ ತಾಗಿದಾಗ ಕಿತ್ತಳೆ ಲೋಳೆಯಾಗುತ್ತದೆ. ಬೇರು ಉಸಿರುಗಟ್ಟಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಅಲ್ಲಿ ಗೊಬ್ಬರ ಹೆಚ್ಚಿಸುವುದು ದುಡ್ಡು ನೀರಿಗೆ ಹಾಕಿದಂತೆ. ಬಸಿಗಾಲುವೆಯ ತಳ ನೆಟ್ಟ ಗುಂಡಿಯ ತಳಕ್ಕಿಂತ 15–30 ಸೆಂ.ಮೀ. ಕೆಳಗಿರಬೇಕು. ಹೊಸದಾಗಿ ನೆಡುವಾಗ ಬೆಟ್ಟಿನಲ್ಲಿ 90 ಸೆಂ.ಮೀ. ಗುಂಡಿ ಸರಿ, ಬೈಲಿನಲ್ಲಿ 60 ಸಾಕು.

ಹೊಸತೋಟ:
ಸುಣ್ಣ ಎಲ್ಲ ಕಡೆ ಹಾಕಲೇ?

ಮಣ್ಣಗುಂಡಿ:
ವರದಿ ಬರಲಿ. ಹುಳಿಮಣ್ಣಿಗೆ ಎರಡು–ಮೂರು ವರ್ಷಕ್ಕೊಮ್ಮೆ ಗಿಡಕ್ಕೆ ಅರ್ಧ ಕಿಲೋ, ರಸಗೊಬ್ಬರದ ಜೊತೆಗಲ್ಲ. ನಡುವೆ ಎರಡು–ಮೂರು ವಾರ ಬಿಡಿ. ಬೆಟ್ಟಿಗೆ ಅದಕ್ಕಿಂತ ಮುಖ್ಯ ಸೋಗೆಯ ಮುಚ್ಚಿಗೆ ಮತ್ತು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡುವ ನೀರು. ಜಲ್ಲಿಮಣ್ಣಿನಲ್ಲಿ ಒಮ್ಮೆಲೇ ಬಿಟ್ಟದ್ದು ಬೇರು ದಾಟಿ ಇಳಿದುಹೋಗುತ್ತದೆ.

ಕಣಿಬದಿ:
ನೀರು ಬಸಿದ ಮೇಲೂ ಎಲೆ ತುದಿಯಿಂದ ಹಳದಿಯಾಗುತ್ತಿದ್ದು, ಅಡಿಕೆ ಒಡೆದಾಗ ಒಳಗೆ ಮೆತ್ತಗೆ, ಕಪ್ಪಗೆ ಇದ್ದರೆ ಹಳದಿ ರೋಗದ ಶಂಕೆ ಇಟ್ಟುಕೊಳ್ಳಿ. ಅದು ಮಣ್ಣಿನ ವಿಷಯವಲ್ಲ.