ಬಡಾವಣೆಯ ರಸ್ತೆ, ಚರಂಡಿ ಪಾಲಿಕೆಗೆ ಹೋಗುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಕೇಳಿದವರು (ತುಮಕೂರು)

ಊರಿನ ಹೊರವಲಯದಲ್ಲಿ ಆರು ಎಕರೆಯ ಖಾಸಗಿ ಬಡಾವಣೆ ನಮ್ಮದು. ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆ. ಚರಂಡಿ ಕಟ್ಟಿ ಆಗಿದೆ, ರಸ್ತೆಗೆ ಜಲ್ಲಿ ಹಾಸಿದ್ದಾರೆ, ಡಾಂಬರು ಇನ್ನೂ ಬಿದ್ದಿಲ್ಲ. ಹೋದ ಮಳೆಗೆ ಕೆಳಗಿನ ಸಾಲಿನ ಮನೆಗಳ ಗೇಟಿನ ತನಕ ನೀರು ನಿಂತಿತ್ತು. ಡಾಂಬರು ಹಾಕಿದರೆ ಎಲ್ಲ ಸರಿಹೋಗುತ್ತೆ, ಆಮೇಲೆ ಪಾಲಿಕೆಗೆ ಹಸ್ತಾಂತರ ಮಾಡ್ತೀವಿ ಅಂತ ಬಡಾವಣೆ ಮಾಡಿದವರು ಹೇಳ್ತಿದ್ದಾರೆ. ನಿವಾಸಿಗಳ ಸಂಘ ಈಗಷ್ಟೇ ಕಟ್ಟಿದ್ದೇವೆ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ನಿವೃತ್ತ ಇಂಜಿನಿಯರ್, ದಾವಣಗೆರೆ

ಡಾಂಬರಿಗೆ ಮುಂಚೆಯೇ ಕೇಳಿದಿರಿ, ಒಳ್ಳೆಯದಾಯಿತು. ಡಾಂಬರು ಬಿದ್ದರೆ ನೀರು ನಿಲ್ಲುವುದು ಹೆಚ್ಚಾಗುತ್ತದೆ. ಈಗ ಮಣ್ಣು, ಜಲ್ಲಿ ಅಷ್ಟಿಷ್ಟು ನೀರು ಹೀರಿಕೊಳ್ಳುತ್ತಿವೆ, ನಾಳೆ ಅದೂ ಇರುವುದಿಲ್ಲ.

ಮೊದಲು ಚರಂಡಿಯ ಕೊನೆಗೆ ನಡೆದು ಹೋಗಿ. ನೀರು ಯಾವ ಹಳ್ಳಕ್ಕೆ, ಯಾವ ಕಾಲುವೆಗೆ ಬೀಳುತ್ತದೆ ನೋಡಿ. ಅನೇಕ ಬಡಾವಣೆಗಳಲ್ಲಿ ಚರಂಡಿ ಕಾಂಪೌಂಡ್ ಗೋಡೆಗೆ ಬಂದು ಮುಗಿದುಬಿಡುತ್ತದೆ. ಅಲ್ಲಿಂದಾಚೆ ದಾರಿ ಇಲ್ಲದಿದ್ದರೆ ಒಳಗೆ ಎಷ್ಟು ಚೆನ್ನಾಗಿ ಕಟ್ಟಿದರೂ ನೀರು ವಾಪಸ್ಸು ನಿಮ್ಮ ಕೆಳಗಿನ ಸಾಲಿಗೇ ಬರುತ್ತದೆ.

ಆಮೇಲೆ ಅಳತೆ. ಗಂಟೆಗೆ 50 ಮಿ.ಮೀ. ಮಳೆ ನಮ್ಮ ಬಯಲುಸೀಮೆಗೂ ಹೊಸದೇನಲ್ಲ. ಬಿದ್ದ ನೀರಿನಲ್ಲಿ ಶೇ. 70 ಹರಿದು ಹೋಗುತ್ತದೆ ಎಂದಿಟ್ಟುಕೊಂಡರೆ ಒಂದು ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, ಸೆಕೆಂಡಿಗೆ 97 ಲೀಟರ್ ನೀರು. ನಿಮ್ಮ ಆರು ಎಕರೆಗೆ 235 ಲೀಟರ್ ದಾಟುತ್ತದೆ. ಒಂದಡಿ ಅಗಲ, ಒಂದಡಿ ಆಳದ ಕಾಂಕ್ರೀಟ್ ಚರಂಡಿ, 200ಕ್ಕೆ 1 ಇಳಿಜಾರಿನಲ್ಲಿ ಅಂಚಿನವರೆಗೆ ತುಂಬಿ ಹರಿದರೂ ಸಾಗಿಸುವುದು 90 ಲೀಟರ್ ಆಸುಪಾಸು. ಆದ್ದರಿಂದ ಮೇಲಿನ ಅಡ್ಡರಸ್ತೆಗೆ ಒಂದಡಿ ಸಾಕು. ಎಲ್ಲ ರಸ್ತೆಗಳ ನೀರು ಕೂಡಿ ಹೊರಗೆ ಹೋಗುವ ಕಡೆ ಒಂದೂವರೆ ಅಡಿಯದ್ದು ಲೆಕ್ಕಕ್ಕೆ ಸರಿಹೋಗುತ್ತದೆ, ಹೂಳು ಕಸ ಸೇರಿದ ಮೇಲೆ ಸಾಲುವುದಿಲ್ಲ. ಅಲ್ಲಿ ಎರಡಡಿ ಕೇಳಿ. ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯ ಚರಂಡಿ ಕಟ್ಟಿದ್ದಾರೆಂದರೆ ಯಾರೂ ಲೆಕ್ಕ ಹಾಕಿಲ್ಲ ಎಂದೇ ತಿಳಿಯಿರಿ. ನಿಮ್ಮ ಮೇಲ್ಭಾಗದ ಹೊಲಗಳಿಂದ ನೀರು ಬರುವುದಿದ್ದರೆ ಅದನ್ನೂ ಕೂಡಿಸಬೇಕು.

ಮೇಲೆ ಹೇಳಿದ ಇಳಿಜಾರೆಂದರೆ ನೂರು ಅಡಿಗೆ ಅರ್ಧ ಅಡಿ ಇಳಿಯಬೇಕು. ಇದನ್ನು ನೋಡಲು ಯಂತ್ರವೇ ಬೇಕಿಲ್ಲ, ಮೇಸ್ತ್ರಿಯ ಲೆವೆಲ್ ಪೈಪ್ ಸಾಕು. ಮೇಲ್ತುದಿಯಲ್ಲಿ ಒಂದು ಟ್ಯಾಂಕರ್ ನೀರು ಬಿಡಿಸಿ, ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿ, ಫೋಟೋ ತೆಗೆಯಿರಿ.

ರಸ್ತೆಯ ವಿಷಯಕ್ಕೆ ಬಂದರೆ, ಡಾಂಬರು ಬೀಳುವ ಭಾಗ ಐದೂವರೆ ಮೀಟರ್ ಅಗಲವಿದ್ದರೆ ನಡುಮಧ್ಯ ಅಂಚಿಗಿಂತ ಐದೂವರೆಯಿಂದ ಏಳು ಸೆಂ.ಮೀ. ಎತ್ತರ ಇರಬೇಕು. ಚರಂಡಿಯ ಗೋಡೆ ರಸ್ತೆಯ ಅಂಚಿಗಿಂತ ಮೇಲೆ ಬಂದಿದ್ದರೆ ನೀರು ಒಳಗೆ ಇಳಿಯುವುದೇ ಇಲ್ಲ. ನಾನು ಅತಿ ಹೆಚ್ಚು ಕಂಡ ತಪ್ಪು ಇದು. ಗೋಡೆಯಲ್ಲಿ ಕೆಲವು ಮೀಟರಿಗೊಂದರಂತೆ ಕಿಂಡಿ ಬಿಡಿಸಿ. ಜಲ್ಲಿಯ ಹಂತದಲ್ಲೇ ಈ ಏರು ತರಬೇಕು, ಡಾಂಬರಿನಲ್ಲಿ ಅದನ್ನು ತುಂಬಿಸಿಕೊಳ್ಳಲು ಆಗುವುದಿಲ್ಲ.

ಗೃಹಿಣಿ, ಸಂಘದ ಕಾರ್ಯದರ್ಶಿ, ಮೈಸೂರು

ಸರ್ ಹೇಳಿದ್ದೆಲ್ಲ ಸರಿ. ಕಾಗದದ ಕೆಲಸ ನಾನು ಹೇಳ್ತೀನಿ, ಯಾಕೆಂದರೆ ನಮ್ಮಲ್ಲಿ ಗೆದ್ದದ್ದು ಅದರಿಂದಲೇ.

ಬಾಯಿಮಾತಿನಲ್ಲಿ ಏನನ್ನೂ ಕೇಳಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಂ ಪ್ರಕಾರ ಖಾಸಗಿ ಬಡಾವಣೆಯ ನಕ್ಷೆಗೆ ಮಂಜೂರಾತಿ ಸಿಗುತ್ತೆ. ಮಂಜೂರಾತಿ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತೆ: ರಸ್ತೆ ಎಷ್ಟು ಅಗಲ, ಚರಂಡಿ, ಯುಜಿಡಿ (ಕೊಳಚೆ ನೀರಿನ ಒಳಚರಂಡಿ), ನೀರು, ಬೀದಿದೀಪ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಆ ಪತ್ರ, ಅನುಮೋದಿತ ನಕ್ಷೆ, ಚರಂಡಿಯ ಲೆವೆಲ್ ತೋರಿಸುವ ನಕ್ಷೆ, ಮೂರನ್ನೂ ಪ್ರಾಧಿಕಾರದಿಂದ ಪಡೆಯಿರಿ. 30 ದಿನದೊಳಗೆ ಕೊಡಬೇಕು. ನಾವು ಟೇಪು ಹಿಡಿದು ಅಳೆದಾಗ ನಕ್ಷೆಯಲ್ಲಿ 9 ಮೀಟರ್ ಇದ್ದ ರಸ್ತೆ ಕೆಲವು ಕಡೆ ಎಂಟೂ ಇರಲಿಲ್ಲ.

ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ, ಬಡಾವಣೆಯ ನೋಂದಣಿ ಆಗಿದೆಯಾ ನೋಡಿ. ಆ ಕಾಯ್ದೆಯ 14(3)ರಲ್ಲಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯ ದೋಷ ತೋರಿಸಿದರೆ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು ಅಂತಿದೆ. ಪತ್ರ ಕೊಟ್ಟಾಗ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅದರ ಪ್ರತಿ ಪಾಲಿಕೆಗೂ ಹೋಗಲಿ. ಅದು ಕಡತದಲ್ಲಿದ್ದರೆ ಹಸ್ತಾಂತರದ ಹೊತ್ತಿಗೆ ಜಂಟಿ ಪರಿಶೀಲನೆ ಕೇಳೋದು ಸುಲಭ.

ಇನ್ನೊಂದು ಮಾತು, ಇದು ನಮ್ಮನಮ್ಮಲ್ಲೇ ಆಗಬೇಕಾದ್ದು. ಗೇಟಿನ ಮುಂದೆ ಚರಂಡಿ ಮೇಲೆ ಕಾಂಕ್ರೀಟ್ ಸುರಿದು ಗಾಡಿಗೆ ಇಳಿಜಾರು ಮಾಡಿಕೊಳ್ಳೋದು ದಯವಿಟ್ಟು ನಿಲ್ಲಿಸಿ. ಎತ್ತಿಡೋಕೆ ಬರೋ ಚಪ್ಪಡಿ ಹಾಕಿ. ಚಾವಣಿ ನೀರಿನ ಪೈಪನ್ನು ಯುಜಿಡಿಗೆ ಸೇರಿಸಿದರೆ ಮಳೆ ಬಂದ ದಿನ ಕೆಳಗಿನ ಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತೆ. ಯುಜಿಡಿ ಕಟ್ಟಿಕೊಂಡರೆ ಮ್ಯಾನ್‌ಹೋಲಿಗೆ ಯಾರನ್ನೂ ಇಳಿಸಬೇಡಿ, ಹಣ ಕೊಡ್ತೀವಿ ಅಂದರೂ ಅದು ಅಪರಾಧ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಇದೆ. ರಭಸದ ನೀರು ಬಿಟ್ಟು ಪೈಪು ಬಿಡಿಸೋ ಜೆಟ್ಟಿಂಗ್ ಯಂತ್ರವನ್ನೇ ಕರೆಸಿ.

ಗ್ರಾಮ ಪಂಚಾಯಿತಿ ಸದಸ್ಯ, ಧಾರವಾಡ ಜಿಲ್ಲಾ

ನಮ್ಮ ಹಳ್ಳ್ಯಾಗ ಸಿಸಿ ರಸ್ತಾ ಮೊದಲ ಆತ್ರಿ, ಮನಿ ಮನಿಗೆ ನಳದ ಪೈಪು ಆಮ್ಯಾಲೆ ಬಂತು. ಹೊಸಾ ರಸ್ತಾ ಕೊರದ್ರು, ಮುಚ್ಚಿದ್ದು ಕುಸೀತು, ಈಗ ಅಲ್ಲೇ ನೀರು ನಿಲ್ಲತೈತಿ. ಅದಕ್ಕ ಹೇಳ್ತೀನ್ರಿ, ಡಾಂಬರಕ್ಕಿಂತ ಮೊದಲ ಯುಜಿಡಿ, ನೀರು, ಕರೆಂಟಿನ ಕೇಬಲ್ ಎಲ್ಲಾ ಮುಗಿಸಿಕೊಳ್ರಿ. ಖಾಲಿ ಸೈಟಿಗೂ ಈಗ ಕನೆಕ್ಷನ್ ಪೈಪು ಗಡಿ ತನಕ ತಂದು ಬಿಡಸ್ರಿ. ಇಲ್ಲಾಂದ್ರ ಒಬ್ಬೊಬ್ಬರು ಮನಿ ಕಟ್ಟಿದಾಗೊಮ್ಮೆ ರಸ್ತಾ ಅಗೀತಾರ.

ಮಂಗಳೂರಿನಿಂದ

ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯ ಊರು ನಮ್ಮದು. ಇನ್ನೂ ಮನೆ ಕಟ್ಟದವರಿಗೆ ಒಂದೇ ಮಾತು: ತಳಪಾಯದ ಮಟ್ಟ ಸುತ್ತಲಿನ ನೆಲಕ್ಕಿಂತ 45 ಸೆಂ.ಮೀ. ಆದರೂ ಮೇಲಿರಲಿ. ಮುಂದೆ ಮರುಡಾಂಬರು ಹಾಕುವಾಗ ಹಳೆಯ ಪದರ ಕೆರೆದು ತೆಗೆಸಿ, ಇಲ್ಲದಿದ್ದರೆ ಪ್ರತಿ ಸಲವೂ ರಸ್ತೆ ಏರಿ ಅಂಗಳ ತಗ್ಗಾಗುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇವತ್ತೇ ಚರಂಡಿಯ ಕೊನೆಗೆ ಹೋಗಿ ಬಂದೆ. ಪಕ್ಕದ ಹೊಲದ ಬದುವಿಗೆ ಬಂದು ನಿಂತಿದೆ. ಅಲ್ಲಿ ಮೊದಲು ಸಣ್ಣ ಹಳ್ಳ ಇತ್ತಂತೆ, ಈಗ ಮಣ್ಣು ತುಂಬಿ ಉಳುಮೆ ಮಾಡಿದ್ದಾರೆ. ಆ ರೈತರ ಜೊತೆ ಜಗಳ ಬೇಡ ಅನ್ನಿಸುತ್ತೆ.

ನಿವೃತ್ತ ಇಂಜಿನಿಯರ್, ದಾವಣಗೆರೆ

ಜಗಳ ಬೇಡವೇ ಬೇಡ. ಅವರ ಹೊಲಕ್ಕೆ ನಿಮ್ಮ ನೀರು ನುಗ್ಗಿಸುವ ಹಕ್ಕು ನಿಮಗೂ ಇಲ್ಲ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ, ಅದರಲ್ಲಿ ಹಳ್ಳದ ಗೆರೆ ಇದೆಯೇ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರ್ ತಿಳಿಯಬಹುದು. ಪಹಣಿಯಲ್ಲಿ ಆ ಜಾಗ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು) ಎಂದಿದ್ದರೆ ಅದು ಸರ್ಕಾರದ್ದು. ಆಗ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಹಳ್ಳ ಬಿಡಿಸಿಕೊಡಿ ಎಂದು ಕೇಳಿ. ಅರ್ಜಿಯಲ್ಲಿ ಆ ರೈತರ ಹೊಲಕ್ಕೂ ನೀರಿನ ತೊಂದರೆ ತಪ್ಪುತ್ತದೆ ಎಂದು ಸೇರಿಸಿ, ಸಾಧ್ಯವಾದರೆ ಅವರ ಸಹಿಯನ್ನೂ ಪಡೆಯಿರಿ. ನಕ್ಷೆಯಲ್ಲಿ ಹಳ್ಳವೇ ಇಲ್ಲದಿದ್ದರೆ ಹೊರದಾರಿ ಒದಗಿಸುವುದು ಬಡಾವಣೆ ಮಾಡಿದವರ ಹೊಣೆ. ರಸ್ತೆ ಬದಿಯಲ್ಲಿ ಪೈಪ್ ಹಾಕಿ ಮುಂದಿನ ಕಾಲುವೆಗೆ ಸೇರಿಸಲಿ. ಅದು ತೀರ್ಮಾನವಾಗುವವರೆಗೆ ಡಾಂಬರು ಹಾಕಬೇಡಿ ಎಂದು ನಾಳೆಯೇ ಪತ್ರ ಕೊಡಿ.