ಸಹಾಯ ಬೇಕು: ಎಂಡೋಸ್ಕೋಪ್ ಚಾನೆಲ್ ಒಳಗೆ ನೋಡಲು ತೆಳು ಕ್ಯಾಮೆರಾ, ಅಂದರೆ ಬೋರ್‌ಸ್ಕೋಪ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಡೋಸ್ಕೋಪಿ ಟೆಕ್ನಿಷಿಯನ್. ಎಂಡೋಸ್ಕೋಪ್ ಅಂದರೆ ದೇಹದೊಳಗೆ ನೋಡುವ ಕ್ಯಾಮೆರಾ ಕೊಳವೆ; ಅದರೊಳಗೆ ಉಪಕರಣ ಹಾಯಿಸುವ ಸಣ್ಣ ದಾರಿಯೇ ಚಾನೆಲ್. ಪ್ರತಿ ಕೇಸ್ ಆದಮೇಲೆ, ತೊಳೆಯುವ ಮೊದಲು, ಸ್ಕೋಪ್ ಎಲ್ಲಾದರೂ ತೂತಾಗಿದೆಯಾ ಅಂತ ಲೀಕ್ ಟೆಸ್ಟ್ ಮಾಡುತ್ತೇವೆ. ಗಾಳಿ ತುಂಬಿ, ನೀರಲ್ಲಿ ಮುಳುಗಿಸಿ, ತುದಿಯನ್ನು ಎಲ್ಲಾ ಕಡೆ ಬಗ್ಗಿಸಿ ಗುಳ್ಳೆ ಬರುತ್ತದಾ ಅಂತ ನೋಡುತ್ತೇವೆ. ಆದರೆ ತೂತಾಗದ ಗೀರು ಇದರಲ್ಲಿ ಗೊತ್ತಾಗುವುದಿಲ್ಲ. ಬಯಾಪ್ಸಿ ಫೋರ್ಸೆಪ್ಸ್ (ಪರೀಕ್ಷೆಗೆ ಅಂಗಾಂಶದ ಚೂರು ತೆಗೆಯುವ ಚಿಮುಟ) ಹೋಗಿ ಬಂದು ಚಾನೆಲ್ ಒಳಗೆ ಗೀರು ಬಿದ್ದರೆ ಅಲ್ಲೇ ಕೊಳೆ, ಬ್ಯಾಕ್ಟೀರಿಯಾ ಕೂರುತ್ತವೆ. ಬ್ರಷ್ ಹಾಕಿದರೂ ಪೂರ್ತಿ ಹೋಗದೇ ಇರಬಹುದು. ಮುಂದಿನ ರೋಗಿಗೂ ಅದೇ ಸ್ಕೋಪ್ ಅಲ್ವಾ, ಅದೇ ಚಿಂತೆ.

ನಮ್ಮ ಗ್ಯಾಸ್ಟ್ರೋಸ್ಕೋಪ್ (ಜಠರ ನೋಡುವ ಸ್ಕೋಪ್) ಚಾನೆಲ್ 2.8 ಮಿ.ಮೀ. ಅದರಲ್ಲಿ ಸಲೀಸಾಗಿ ಹೋಗುವ ಬೋರ್‌ಸ್ಕೋಪ್ ಯಾರಾದರೂ ಬಳಸುತ್ತಿದ್ದೀರಾ? ಎಷ್ಟು ದಪ್ಪದ್ದು, ಬೆಲೆ ಎಷ್ಟು? ಎಂಥ ಗೀರು ಕಂಡರೆ ರಿಪೇರಿಗೆ ಕಳಿಸುತ್ತೀರಿ? ಫೋಟೋ ಇದ್ದರೆ ದಯವಿಟ್ಟು ಹಾಕಿ, ರೋಗಿಯ ವಿವರ ಬೇಡ.